ದಕ್ಷಿಣ ಬೆಂಗಳೂರಿನ ಆರೋಗ್ಯ ವೆಚ್ಚ: ಆಸ್ಪತ್ರೆ, ವಿಮೆ ಮತ್ತು ಚಿಕಿತ್ಸೆಯ ದರ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ, ಇವುಗಳ ಅಂಚಿನಲ್ಲಿ ಹಾದುಹೋಗುವ ಬನ್ನೇರುಘಟ್ಟ ರಸ್ತೆ ಮತ್ತು ಹೊಸೂರು ರಸ್ತೆ ಸೇರಿದ ದಕ್ಷಿಣ ಬೆಂಗಳೂರು, ಕರ್ನಾಟಕದಲ್ಲಿ ಆಸ್ಪತ್ರೆಗಳು ದಟ್ಟವಾಗಿರುವ ಪ್ರದೇಶಗಳಲ್ಲೊಂದು. ಸರ್ಕಾರದ ಸ್ವಾಯತ್ತ ಸಂಸ್ಥೆ, ಟ್ರಸ್ಟ್ ಆಸ್ಪತ್ರೆ, ವೈದ್ಯ ದಂಪತಿ ನಡೆಸುವ ನರ್ಸಿಂಗ್ ಹೋಂ, ಷೇರುಪೇಟೆಯಲ್ಲಿ ನೋಂದಾಯಿಸಿಕೊಂಡ ಕಾರ್ಪೊರೇಟ್ ಸರಣಿ, ಎಲ್ಲ ಬಗೆಯವೂ ಇಲ್ಲಿ ಒಂದೆರಡು ಕಿಲೋಮೀಟರ್ ಅಂತರದಲ್ಲಿವೆ. ದಾಖಲಾತಿ ಕೌಂಟರಿನಲ್ಲಿ ರೋಗಿಯ ಕಡೆಯವರಿಗೆ ಎದುರಾಗುವ ಪ್ರಶ್ನೆ ಮಾತ್ರ ಹೆಚ್ಚೂಕಡಿಮೆ ಒಂದೇ: ‘ಕ್ಯಾಶಾ, ಇನ್ಶೂರೆನ್ಸಾ, ಕಾರ್ಡಾ?’ ಅದೇ ಮಂಡಿಗೆ ಅದೇ ಶಸ್ತ್ರಚಿಕಿತ್ಸೆ ನಡೆದರೂ ಬಿಲ್ಲಿನ ಮೊತ್ತ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಅವಲಂಬಿಸುತ್ತದೆ. ಇಲ್ಲಿ ಆಸ್ಪತ್ರೆಗಳ ಕೊರತೆಯಿಲ್ಲ, ವಿಮೆಯ ಕಾರ್ಡುಗಳಿಗೂ ಬರವಿಲ್ಲ. ಎಲ್ಲರೂ ಸೇರಿ ಹೊರೆ ಹಂಚಿಕೊಳ್ಳುವ ಒಂದು ನಿಧಿಯಾಗಲಿ, ಎಲ್ಲರಿಗೂ ಅನ್ವಯಿಸುವ ಒಂದು ದರಪಟ್ಟಿಯಾಗಲಿ ಇಲ್ಲ. ಈ ಪ್ರದೇಶದ ಆರೋಗ್ಯ ಅರ್ಥಶಾಸ್ತ್ರದ ಬಹುಪಾಲು ವಿಚಿತ್ರಗಳಿಗೆ ಕಾರಣ ಇದೇ.

ಚಿಕಿತ್ಸೆಯನ್ನು ಉಳಿದ ಸರಕಿನಂತೆ ಮಾರುಕಟ್ಟೆಗೆ ಬಿಟ್ಟರೆ ಏಕೆ ಸರಿಹೋಗದು ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ವಿವರಿಸಿದ್ದರು. ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಬಂದಾಗ ಏನು ಬೇಕೆಂದು ರೋಗಿಗಿಂತ ವೈದ್ಯರಿಗೇ ಹೆಚ್ಚು ಗೊತ್ತು. ಕೊಳ್ಳುವವನ ಪರವಾಗಿ ಮಾರುವವನೇ ನಿರ್ಧಾರ ಮಾಡುವ ಇಂಥ ವ್ಯವಹಾರದಲ್ಲಿ ಚೌಕಾಸಿಗೆ ಅರ್ಥವಿಲ್ಲ. ಭಾರತದಲ್ಲಿ ಇದರ ಹೊರೆ ಬಹುಕಾಲ ನೇರವಾಗಿ ಮನೆಯ ಜೇಬಿನ ಮೇಲೆ ಬಿದ್ದಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುತ್ತಿದ್ದ ಪಾಲು 2014-15ರಲ್ಲಿ ಶೇ 62.6ರಷ್ಟಿದ್ದು, 2021-22ಕ್ಕೆ ಶೇ 39.4ಕ್ಕೆ ಇಳಿದಿದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು, ಒಮ್ಮೆ ಆಸ್ಪತ್ರೆ ಸೇರಿದರೆ ತಗಲುವ ಸರಾಸರಿ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಎಂದು ಕಂಡುಬಂದಿತ್ತು. ದೇಶದ ಈ ಸರಾಸರಿ ಬನ್ನೇರುಘಟ್ಟ ರಸ್ತೆಯ ಕಾರ್ಪೊರೇಟ್ ಆಸ್ಪತ್ರೆಯ ಬಿಲ್ಲನ್ನು ನೋಡಿದವರಿಗೆ ತೀರಾ ಅಗ್ಗವೆನಿಸೀತು.

ಆಸ್ಪತ್ರೆಗಳ ಹರವು

ಜಯನಗರ 4ನೇ ಟಿ ಬ್ಲಾಕಿನಲ್ಲಿ ಸಾರ್ವಜನಿಕ ಆಸ್ಪತ್ರೆಯಿದೆ. ಅದೇ ಬ್ಲಾಕಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇದೆ. ಬೈರಸಂದ್ರದ ಕಡೆ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆ. ಖಾಸಗಿ ಕಡೆಯಲ್ಲಿ ಜಯನಗರ ಮತ್ತು ಬನ್ನೇರುಘಟ್ಟ ರಸ್ತೆಯ ಅಪೋಲೊ, ತಿಲಕ್ ನಗರ ಮತ್ತು ಕುಮಾರಸ್ವಾಮಿ ಬಡಾವಣೆಯ ಸಾಗರ್, ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಆಸ್ಟರ್ ಆರ್‌ವಿ, ಬನ್ನೇರುಘಟ್ಟ ರಸ್ತೆಯ ಫೋರ್ಟಿಸ್. ಈ ಕೊನೆಯದು ಮೊದಲು ವೊಕಾರ್ಡ್ ಆಸ್ಪತ್ರೆಯಾಗಿತ್ತು; 2009ರಲ್ಲಿ ಫೋರ್ಟಿಸ್ ಕಂಪನಿ ವೊಕಾರ್ಡ್‌ನ 10 ಆಸ್ಪತ್ರೆಗಳನ್ನು 909 ಕೋಟಿ ರೂಪಾಯಿಗೆ ಕೊಂಡಾಗ ಕೈಬದಲಾಯಿತು. ಹೆರಿಗೆ ಆಸ್ಪತ್ರೆಗಳ ಸರಣಿಯಾದ ಕ್ಲೌಡ್‌ನೈನ್ ಶುರುವಾದದ್ದೂ ಜಯನಗರದಲ್ಲೇ, 2007ರಲ್ಲಿ.

ಕಾರ್ಪೊರೇಟ್ ಸರಣಿಗಳು ಬೆಳೆದ ಹಾಗೆ ಬಡಾವಣೆಯ ನರ್ಸಿಂಗ್ ಹೋಂಗಳು ಸೊರಗಿದವು. ವಿಮಾ ಕಂಪನಿಯ ಪಟ್ಟಿಗೆ ಸೇರಲು, ಕ್ಯಾಶ್‌ಲೆಸ್ ಕಡತಗಳನ್ನು ನಿಭಾಯಿಸಲು, ಗುಣಮಟ್ಟದ ಪ್ರಮಾಣಪತ್ರ ಪಡೆಯಲು ಬೇಕಾಗುವ ಸಿಬ್ಬಂದಿಯ ಖರ್ಚು 300 ಹಾಸಿಗೆಯ ಆಸ್ಪತ್ರೆಗೆ ಲೆಕ್ಕಕ್ಕಿಲ್ಲ. 15 ಹಾಸಿಗೆಯ ನರ್ಸಿಂಗ್ ಹೋಂಗೆ ಅದು ಉಸಿರುಗಟ್ಟಿಸುವ ಖರ್ಚು. ಸರಣಿಗಳಿಗೆ ಇನ್ನೊಂದು ಅನುಕೂಲವಿದೆ. ಹತ್ತಾರು ಊರುಗಳಲ್ಲಿ ಆಸ್ಪತ್ರೆ ಇಟ್ಟುಕೊಂಡವರು ವಿಮಾ ಕಂಪನಿಯೊಂದಿಗೆ ದರ ಮಾತಾಡುವಾಗ ‘ಒಪ್ಪದಿದ್ದರೆ ನಿಮ್ಮ ಗ್ರಾಹಕರಿಗೆ ಎಲ್ಲಿಯೂ ಕ್ಯಾಶ್‌ಲೆಸ್ ಇಲ್ಲ’ ಎನ್ನಬಹುದು. ಒಂಟಿ ನರ್ಸಿಂಗ್ ಹೋಂಗೆ ಆ ಬಲವಿಲ್ಲ.

ಜಯದೇವದ ಲೆಕ್ಕ

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ ಬನ್ನೇರುಘಟ್ಟ ರಸ್ತೆಗೆ ಬಂದ ಜಯದೇವ ಸಂಸ್ಥೆ ಇಡೀ ಪ್ರದೇಶದ ದರಗಳಿಗೆ ಒಂದು ಅಳತೆಗೋಲು. 2007ರಿಂದ 2024ರ ಜನವರಿವರೆಗೆ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರ ಕಾಲದಲ್ಲಿ ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂಬುದು ಸಂಸ್ಥೆಯ ಗುರುತಾಯಿತು. ಇದನ್ನು ಬರೀ ಕರುಣೆಯ ಮಾತೆಂದು ಓದಿದರೆ ಅರ್ಧ ತಿಳಿದಂತೆ. ಹೃದಯದ ರಕ್ತನಾಳ ಪರೀಕ್ಷಿಸುವ ಕ್ಯಾಥ್ ಲ್ಯಾಬಿಗೆ ಯಂತ್ರದ ಬೆಲೆ, ತಂತ್ರಜ್ಞರ ಸಂಬಳ, ವಿದ್ಯುತ್ತು ಇವೆಲ್ಲ ನಿಶ್ಚಿತ ವೆಚ್ಚ. ದಿನಕ್ಕೆ 5 ಜನ ಮಲಗಿದರೂ 25 ಜನ ಮಲಗಿದರೂ ಹೆಚ್ಚು ಬದಲಾಗದು. ರೋಗಿಗಳು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ, ಸ್ಟೆಂಟು ಬಲೂನುಗಳನ್ನು ಸಗಟಾಗಿ ಕಡಿಮೆ ಬೆಲೆಗೆ ಕೊಳ್ಳಬಹುದು. ವೈದ್ಯರಿಗೆ ಸಂಬಳ, ಇನ್ನೊಂದು ಸ್ಟೆಂಟ್ ಹಾಕಿದರೆ ತಿಂಗಳ ಕೊನೆಗೆ ಹೆಚ್ಚು ಸಿಗುವುದಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಬಹುಪಾಲು ತಜ್ಞರ ಆದಾಯ ಮಾಡಿದ ಚಿಕಿತ್ಸೆಯ ಸಂಖ್ಯೆಗೆ ಕಟ್ಟುಬಿದ್ದಿರುತ್ತದೆ. ಈ ಒಂದು ವ್ಯತ್ಯಾಸ ಎರಡೂ ಕಡೆಯ ಪ್ರಾಮಾಣಿಕ ವೈದ್ಯರ ಕೈಯಲ್ಲೂ ಬೇರೆಬೇರೆ ಬಿಲ್ಲು ಬರೆಸಬಲ್ಲದು.

ಅಗ್ಗದ ಸೇವೆಗೆ ತೆರಬೇಕಾದ ಬೆಲೆ ಕಾಯುವಿಕೆ. 2021ರ ನವೆಂಬರ್‌ನಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ 350 ಹಾಸಿಗೆಗಳ ಕಟ್ಟಡ ಸೇರಿದರೂ ಹೊರರೋಗಿಗಳ ಸಾಲು ಕರಗಲಿಲ್ಲ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬಂದವರ ನಿಜವಾದ ಖರ್ಚಿನಲ್ಲಿ ಬಸ್ಸು, ಊಟ, ಜೊತೆಗೆ ಬಂದವರ ಕಳೆದ ಕೂಲಿ ಸೇರುತ್ತದೆ. ಸಾಮಾನ್ಯವಾಗಿ ವಿಮೆ ಇದನ್ನು ಕೊಡುವುದಿಲ್ಲ. ವಾರಗಟ್ಟಲೆ ವಿಕಿರಣ ಚಿಕಿತ್ಸೆ ನಡೆಯುವ ಕಿದ್ವಾಯಿಯಲ್ಲಿ ಈ ಪಾಲು ಇನ್ನೂ ದೊಡ್ಡದು. ಅಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನ ಧರ್ಮಶಾಲೆ ಮಾಡುವ ಕೆಲಸ ಆರ್ಥಿಕವಾಗಿ ಔಷಧಿ ಕೊಟ್ಟಷ್ಟೇ ಮುಖ್ಯವೆಂದರೆ ಉತ್ಪ್ರೇಕ್ಷೆಯಲ್ಲ.

ಜಯದೇವದ ಅನುಭವವನ್ನು ತಾಲ್ಲೂಕು ಆಸ್ಪತ್ರೆಗೆ ತಲುಪಿಸುವ ಪ್ರಯತ್ನವಾಗಿ 2024ರಲ್ಲಿ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಬಂತು. ಎದೆನೋವಿನವರ ಇಸಿಜಿಯನ್ನು ಊರಿನಲ್ಲೇ ತೆಗೆದು ಜಯದೇವದ ತಜ್ಞರಿಗೆ ಕಳಿಸಿ, ಹೃದಯಾಘಾತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಇದರ ಕ್ರಮ. ಬೆಂಗಳೂರಿನ ಹಾಸಿಗೆಯಲ್ಲಿ ಆಗುವ ಖರ್ಚಿನ ಒಂದು ಭಾಗವನ್ನು ಮೊದಲ ಗಂಟೆಯಲ್ಲೇ ಊರಿನಲ್ಲಿ ಮಾಡಿದರೆ ಒಟ್ಟು ವೆಚ್ಚವೂ ಸಾವೂ ಇಳಿಯುತ್ತವೆ ಎಂಬ ಲೆಕ್ಕ ಇದರ ಹಿಂದಿದೆ.

ಯಶಸ್ವಿನಿಯಿಂದ ಆರೋಗ್ಯ ಕರ್ನಾಟಕದವರೆಗೆ

ಸರ್ಕಾರಿ ವಿಮೆಯ ಪ್ರಯೋಗಗಳಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಅದರ ಒಂದು ಬೇರು ಇದೇ ದಿಕ್ಕಿನಲ್ಲಿದೆ. ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಪ್ರಸಾದ್ ಶೆಟ್ಟಿ ಅವರ ಚಿಂತನೆಯಿಂದ 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಜಾರಿಗೆ ಬಂತು. ತಿಂಗಳಿಗೆ ತಲಾ 5 ರೂಪಾಯಿ, ಎಂದರೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಉಚಿತ. ಖಾಸಗಿ ಆಸ್ಪತ್ರೆಗಳ ಆಪರೇಷನ್ ಥಿಯೇಟರುಗಳು ಎಷ್ಟೋ ಹೊತ್ತು ಖಾಲಿ ಬಿದ್ದಿರುತ್ತವೆ. ಬಂದಷ್ಟು ದರಕ್ಕೆ ಅವನ್ನು ತುಂಬಿಸಿದರೂ ಆಸ್ಪತ್ರೆಗೆ ನಷ್ಟವಿಲ್ಲ ಎಂಬುದು ಯೋಜನೆಯ ಬೆನ್ನೆಲುಬು. ಸದಸ್ಯತ್ವವನ್ನು ಹಾಲಿನ ಸೊಸೈಟಿ, ಪತ್ತಿನ ಸಂಘಗಳ ಮೂಲಕ ಗುಂಪಾಗಿ ಮಾಡಿಸಿದ್ದು ಜಾಣತನ. ಕಾಯಿಲೆ ಇದ್ದವರಷ್ಟೇ ಬಂದು ಸೇರಿ ನಿಧಿ ಬರಿದಾಗುವ ಅಪಾಯ ಅದರಿಂದ ತಗ್ಗಿತು. 2018ರಲ್ಲಿ ನಿಂತುಹೋದ ಯಶಸ್ವಿನಿ 2023ರ ಜನವರಿಯಿಂದ ಮರಳಿ ಶುರುವಾಗಿದೆ.

2010ರಲ್ಲಿ ಗುಲ್ಬರ್ಗ ವಿಭಾಗದಿಂದ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಗಿಂತ ಕೆಳಗಿನವರಿಗೆ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಟ್ಟಿತು. ಇದು ನಿಜಕ್ಕೂ ಜೀವ ಉಳಿಸಿತೇ ಎಂಬ ಪ್ರಶ್ನೆಗೆ ಅಪರೂಪದ ಸ್ಪಷ್ಟ ಉತ್ತರ ಸಿಕ್ಕಿದೆ. ಯೋಜನೆ ತಲುಪಿದ 300 ಹಳ್ಳಿಗಳನ್ನೂ ಇನ್ನೂ ತಲುಪದ ನೆರೆಯ 272 ಹಳ್ಳಿಗಳನ್ನೂ ಹೋಲಿಸಿದ ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಅರ್ಹ ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆಯಿತ್ತು. ದೊಡ್ಡ ಆಸ್ಪತ್ರೆಗೆ ಸೇರಿದಾಗಿನ ಕೈಖರ್ಚು ಶೇ 34ರಷ್ಟು ಇಳಿದಿತ್ತು. ದಕ್ಷಿಣ ಬೆಂಗಳೂರಿನ ಆಸ್ಪತ್ರೆಗಳ ಹಾಸಿಗೆಯಲ್ಲಿ ಉತ್ತರ ಕರ್ನಾಟಕದ ಮಾತು ಇಷ್ಟು ಕೇಳಿಬರುವುದಕ್ಕೆ ಇಂಥ ಯೋಜನೆಗಳೂ ಒಂದು ಕಾರಣ.

ಇವೆಲ್ಲ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕವಾಗಿ ಒಂದುಗೂಡಿ, ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಬೆಸೆದುಕೊಂಡವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಜಯನಗರದ ಮಧ್ಯಮ ವರ್ಗದಲ್ಲಿ ಈ ಎರಡನೆಯ ಸೌಲಭ್ಯ ಬಳಸುವವರಿರಲಿ, ತಿಳಿದವರೇ ಕಡಿಮೆ. ಈ ಯೋಜನೆಯಲ್ಲಿ ವಿಮಾ ಕಂಪನಿಯ ಮಧ್ಯಪ್ರವೇಶವಿಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುತ್ತದೆ. ದರ ಕಾಯಿಲೆವಾರು ಮೊದಲೇ ಗೊತ್ತುಮಾಡಿದ ಇಡಿಗಂಟು. ದಿನಗಳನ್ನು ಎಳೆದರೆ ನಷ್ಟ ಆಸ್ಪತ್ರೆಗೇ. ಹೀಗಾಗಿ ಅನಗತ್ಯ ಪರೀಕ್ಷೆ ತಗ್ಗುತ್ತದೆ, ಬೇಗ ಮನೆಗೆ ಕಳಿಸುವ ಒತ್ತಡ ಹೆಚ್ಚುತ್ತದೆ. ದರ ತೀರಾ ಕಡಿಮೆ, ಅದೂ ತಡವಾಗಿ ಬರುತ್ತದೆ ಎಂಬುದು ಖಾಸಗಿಯವರ ಹಳೆಯ ದೂರು.

ಯೋಜನೆಯ ಬೀಗ ಇರುವುದು ರೆಫರಲ್ ಚೀಟಿಯಲ್ಲಿ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆ ‘ನಮ್ಮಲ್ಲಿ ಆಗದು’ ಎಂದು ಬರೆದುಕೊಟ್ಟ ಮೇಲಷ್ಟೇ ಖಾಸಗಿಯಲ್ಲಿ ಉಚಿತ ಚಿಕಿತ್ಸೆ. ಸರ್ಕಾರಿ ಹಾಸಿಗೆ ಖಾಲಿಯಿರುವಾಗ ಖಾಸಗಿಗೆ ಹಣ ಹರಿಯಬಾರದೆಂಬುದು ಸರಿಯಾದ ತರ್ಕವೇ. ಆದರೆ ಬನಶಂಕರಿ 3ನೇ ಹಂತದ ವೃದ್ಧೆಗೆ ಮಂಡಿಚಿಪ್ಪು ಬದಲಿಸಬೇಕಾದಾಗ ಮನೆಯ ಪಕ್ಕದ ಖಾಸಗಿ ಆಸ್ಪತ್ರೆಗೆ ಹೋಗುವ ದಾರಿ ಜಯನಗರದ ಸರ್ಕಾರಿ ಆಸ್ಪತ್ರೆಯ ಸಾಲಿನ ಮೂಲಕ ಹಾಯುತ್ತದೆ, ಮತ್ತು ಆ ಸಾಲಿನ ಉದ್ದ ಯಾರ ಲೆಕ್ಕಪತ್ರದಲ್ಲೂ ವೆಚ್ಚವಾಗಿ ದಾಖಲಾಗುವುದಿಲ್ಲ.

ಇವೆಲ್ಲದರಿಂದ ಬೇರೆಯಾಗಿ ನಿಲ್ಲುವುದು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ. ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಮಿಕರಿಗೆ ಇದೇ ಆಸರೆ. 2019ರ ಜುಲೈನಿಂದ ಸಂಬಳದ ಶೇ 0.75 ಕಾರ್ಮಿಕರದು, ಶೇ 3.25 ಮಾಲೀಕರದು. ಹೊರರೋಗಿ ಚಿಕಿತ್ಸೆ, ಔಷಧಿ, ರಜೆಯ ಕಾಲದ ಸಂಬಳದ ಭಾಗ ಎಲ್ಲವೂ ಒಂದೇ ವಂತಿಗೆಯಲ್ಲಿ ಸಿಗುವ ಯೋಜನೆ ದೇಶದಲ್ಲಿ ಇನ್ನೊಂದು ಇಲ್ಲವೆಂದೇ ಹೇಳಬಹುದು. ಸಮಸ್ಯೆ ಅದರ ಗೆರೆ: ತಿಂಗಳ ಸಂಬಳ 21,000 ರೂಪಾಯಿ ದಾಟಿದರೆ, ನಡೆಯುತ್ತಿರುವ ಆರು ತಿಂಗಳ ಅವಧಿ ಮುಗಿದ ಮೇಲೆ, ಹೊರಗೆ. ಅಂದರೆ ಐನೂರು ರೂಪಾಯಿಯ ಬಡ್ತಿ ಇಡೀ ಕುಟುಂಬದ ಆಸ್ಪತ್ರೆ ಖರ್ಚನ್ನು ತಲೆಗೆ ತರಬಲ್ಲದು.

ಖಾಸಗಿ ವಿಮೆ: ಪಿಂಚಣಿದಾರರೂ ಪಿ.ಜಿ. ಹುಡುಗರೂ

1948ರಲ್ಲಿ ರೂಪುಗೊಂಡ ಜಯನಗರದಲ್ಲಿ ಈಗ ಬ್ಯಾಂಕು, ಸಾರ್ವಜನಿಕ ಉದ್ದಿಮೆ, ಕಾಲೇಜುಗಳಿಂದ ನಿವೃತ್ತರಾದವರು ತುಂಬಿದ್ದಾರೆ. ಎರಡು ಮೂರು ಕಿಲೋಮೀಟರ್ ಆಚೆಯ ಬಿ.ಟಿ.ಎಂ. ಬಡಾವಣೆಯ ಪಿ.ಜಿ. ವಸತಿಗಳಲ್ಲಿ ಇಪ್ಪತ್ತರಿಂದ ಮೂವತ್ತರ ಆಸುಪಾಸಿನ ಐ.ಟಿ. ನೌಕರರಿದ್ದಾರೆ. ವಿಮೆಯ ಮೂಲತತ್ವವೇ ಈ ಎರಡನೆಯವರ ಕಂತಿನಿಂದ ಮೊದಲಿನವರ ಖರ್ಚು ತೂಗಿಸುವುದು. ನಾಳೆ ಇವರೂ ಅಲ್ಲಿಗೇ ಬರುವವರು. ಆದರೆ ಐ.ಟಿ. ನೌಕರರನ್ನು ಕಂಪನಿಯ ಗುಂಪು ವಿಮೆ ಬೇಲಿ ಹಾಕಿ ಬೇರೆಯಾಗಿಸಿದೆ. ಎಳೆಯರ, ಆರೋಗ್ಯವಂತರ ಗುಂಪಾದ್ದರಿಂದ ಕಂತು ಕಡಿಮೆ, ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ರಕ್ಷಣೆ. ನಿವೃತ್ತರು ಉಳಿಯುವುದು ಬಿಡಿ ಪಾಲಿಸಿಯಲ್ಲಿ, ವರ್ಷವರ್ಷವೂ ಏರುವ ಕಂತಿನಲ್ಲಿ. 65 ದಾಟಿದವರಿಗೆ ಯಾವ ಬೆಲೆಗೂ ವಿಮೆ ಸಿಗದಿರುವುದೇಕೆ ಎಂಬ ಪ್ರಶ್ನೆಯನ್ನು ಜಾರ್ಜ್ ಅಕರ್‌ಲಾಫ್ 1970ರ ಪ್ರಸಿದ್ಧ ಲೇಖನದಲ್ಲಿ ಎತ್ತಿದ್ದರು: ಕಂತು ಏರಿದಂತೆ ಗಟ್ಟಿಮುಟ್ಟಾದವರು ಬಿಟ್ಟುಹೋಗುತ್ತಾರೆ, ಉಳಿದವರ ಖರ್ಚು ಹೆಚ್ಚುತ್ತದೆ, ಕಂತು ಮತ್ತೆ ಏರುತ್ತದೆ. ಬ್ಯಾಂಕ್ ನಿವೃತ್ತರ ಗುಂಪು ವಿಮೆಯ ಕಂತು 2015ರಿಂದ ಈಚೆಗೆ ಏರುತ್ತ ಬಂದಂತೆ ಹಲವರು ಅದನ್ನು ಕೈಬಿಟ್ಟದ್ದು ಇದೇ ಸುಳಿ.

ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ 2024ರಲ್ಲಿ 65ರ ವಯೋಮಿತಿಯನ್ನು ತೆಗೆದುಹಾಕಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ಗರಿಷ್ಠ 4 ವರ್ಷದಿಂದ 3ಕ್ಕೆ, ಹಳೆಯ ವಿವರ ಮುಚ್ಚಿಟ್ಟರೆಂದು ಕ್ಲೈಮ್ ನಿರಾಕರಿಸಬಹುದಾದ ಅವಧಿಯನ್ನು 8 ವರ್ಷದಿಂದ 5ಕ್ಕೆ ಇಳಿಸಿತು. ವಂಚನೆ ಸಾಬೀತಾದರೆ ಮಾತ್ರ ಈ ರಕ್ಷಣೆಯಿಲ್ಲ. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವುದಾದರೆ ತನ್ನನ್ನು ಮೊದಲು ಕೇಳಬೇಕೆಂದಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ. ಇವು ನಿಜವಾದ ಉಪಶಮನಗಳು. ಬೇಲಿ ಮಾತ್ರ ಹಾಗೆಯೇ ಇದೆ.

ಕಟ್ಟಿದ ಕಂತಿನಲ್ಲಿ ಎಷ್ಟು ಚಿಕಿತ್ಸೆಗೆ ಹೋಗುತ್ತದೆ ಎಂಬ ಅನುಪಾತವೂ ನೋಡತಕ್ಕದ್ದು. 2023-24ರಲ್ಲಿ ಸಾರ್ವಜನಿಕ ವಲಯದ ಕಂಪನಿಗಳು ಪ್ರತಿ 100 ರೂಪಾಯಿ ಕಂತಿಗೆ 100ಕ್ಕಿಂತ ತುಸು ಹೆಚ್ಚೇ ಕ್ಲೈಮ್ ಕೊಟ್ಟರೆ, ಆರೋಗ್ಯ ವಿಮೆಯನ್ನಷ್ಟೇ ಮಾರುವ ಕಂಪನಿಗಳು ಕೊಟ್ಟದ್ದು 65ರ ಆಸುಪಾಸು. ಅಮೆರಿಕದಲ್ಲಿ ಒಬಾಮ ಕಾಲದ ಕಾಯ್ದೆಯ ಪ್ರಕಾರ ಈ ಪ್ರಮಾಣ 80ರಿಂದ 85ಕ್ಕಿಂತ ಕೆಳಗಿಳಿದರೆ ಗ್ರಾಹಕರಿಗೆ ಹಣ ಮರಳಿಸಬೇಕು. ಭಾರತದಲ್ಲಿ ಆ ಬಗೆಯ ನಿಯಮವಿಲ್ಲ.

ಬಿಲ್ಲಿನ ಒಳಗೆ

ಪಾಲಿಸಿದಾರರನ್ನು ಹೆಚ್ಚು ಸಲ ಕೆಡವುವುದು ಕೋಣೆಯ ಬಾಡಿಗೆಯ ಷರತ್ತು. 3 ಲಕ್ಷದ ಹಳೆಯ ಪಾಲಿಸಿಯಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ 1, ಎಂದರೆ 3,000 ರೂಪಾಯಿಗೆ ಮಿತಿಯಾಗಿದೆ ಎಂದಿಟ್ಟುಕೊಳ್ಳೋಣ. ಆ ದರದ ಹಾಸಿಗೆ ಖಾಲಿಯಿಲ್ಲವೆಂದು 6,000ದ ಕೋಣೆ ಹಿಡಿದು 4 ದಿನ ಇದ್ದರೆ ಬಾಡಿಗೆ 24,000. ಶಸ್ತ್ರಚಿಕಿತ್ಸಕರು, ಥಿಯೇಟರ್, ಶುಶ್ರೂಷೆ ಎಂದು 80,000. ಔಷಧಿ, ಪರೀಕ್ಷೆ, ಇಂಪ್ಲಾಂಟ್ 76,000. ಒಟ್ಟು 1,80,000. ಬಾಡಿಗೆಯಲ್ಲಿ 12,000 ಕಡಿತವಾಗುತ್ತದೆಂಬುದು ಎಲ್ಲರ ಎಣಿಕೆ. ಆದರೆ ವೈದ್ಯರ ಶುಲ್ಕ, ಥಿಯೇಟರ್ ಎಲ್ಲವೂ ಕೋಣೆಯ ದರ್ಜೆಗೆ ತಕ್ಕಂತೆ ಏರುವುದರಿಂದ ಕಂಪನಿ ಅವುಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಅರ್ಧಕ್ಕೆ, ಇಳಿಸುತ್ತದೆ. ಇನ್ನೂ 40,000 ಹೋಯಿತು. ಕೈಯಿಂದ ಹಾಕಬೇಕಾದದ್ದು 52,000, ಜೊತೆಗೆ ಗ್ಲೌಸು, ಮಾಸ್ಕು ಮುಂತಾದ ಪಾವತಿಯಿಲ್ಲದ ಬಾಬ್ತುಗಳು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಪ್ರಮಾಣಾನುಸಾರ ಕಡಿತ ಕೂಡದೆಂದು ಐಆರ್‌ಡಿಎಐ 2020ರಲ್ಲಿ ಹೇಳಿದ್ದರಿಂದ ಆ 76,000 ಉಳಿಯಿತು. ವಿಮೆ ಮಾರುವಾಗ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುವ ಏಜೆಂಟರು ವಿರಳ.

ಡಿಸ್ಚಾರ್ಜ್ ದಿನದ ಅನುಭವ ಬಹುತೇಕ ಎಲ್ಲ ಖಾಸಗಿ ಆಸ್ಪತ್ರೆಗಳಲ್ಲಿ ಒಂದೇ ಧಾಟಿಯದು. ಬೆಳಗಿನ ರೌಂಡ್ಸಿನಲ್ಲಿ ವೈದ್ಯರು ‘ಮನೆಗೆ ಹೋಗಬಹುದು’ ಎನ್ನುತ್ತಾರೆ. ಉಳಿದ ಔಷಧಿ ಫಾರ್ಮಸಿಗೆ ಮರಳಬೇಕು, ಸಮ್ಮರಿ ಟೈಪಾಗಬೇಕು, ಅಂತಿಮ ಬಿಲ್ಲು ಇನ್ಶೂರೆನ್ಸ್ ಡೆಸ್ಕಿಗೆ ಬಂದು, ವಿಮಾ ಕಂಪನಿಯ ಪರವಾಗಿ ಕ್ಲೈಮ್ ಪರಿಶೀಲಿಸುವ ಸಂಸ್ಥೆಗೆ (ಟಿಪಿಎ) ಹೋಗಬೇಕು. ಅಲ್ಲಿಂದ ‘ಎರಡನೇ ಸಲ ಸ್ಕ್ಯಾನ್ ಮಾಡಿದ್ದೇಕೆ’ ಎಂಬ ಪ್ರಶ್ನೆ ಬರುವ ಹೊತ್ತಿಗೆ ವೈದ್ಯರು ಬೇರೆ ಆಸ್ಪತ್ರೆಯಲ್ಲಿರುತ್ತಾರೆ. ಸಂಜೆಯಾದರೆ ಇನ್ನೊಂದು ದಿನದ ಬಾಡಿಗೆ. 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ 3 ಗಂಟೆಯ ಗಡುವು ಹಾಕಿ, ಮೀರಿದರೆ ಹೆಚ್ಚುವರಿ ಬಾಡಿಗೆಯನ್ನು ವಿಮಾ ಕಂಪನಿ ತನ್ನ ಷೇರುದಾರರ ನಿಧಿಯಿಂದ ಕೊಡಬೇಕೆಂದಿತು. ಆದರೆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆ ಬಿಲ್ಲು ಕಳಿಸಿದ ಮೇಲೆ. ಅದಕ್ಕೆ ಮುಂಚಿನ ಮೂರ್ನಾಲ್ಕು ಗಂಟೆಗೆ ಯಾರೂ ಹೊಣೆಯಲ್ಲ. ಈ ಕಡತಗಳನ್ನು ನೋಡುವ ದೇಶದ ದೊಡ್ಡ ಟಿಪಿಎಗಳಲ್ಲೊಂದಾದ ಮೆಡಿ ಅಸಿಸ್ಟ್‌ನ ಕಚೇರಿ ಬನ್ನೇರುಘಟ್ಟ ರಸ್ತೆಯಲ್ಲೇ ಇರುವುದು ಕಾಕತಾಳೀಯ: ರೋಗಿ, ಆಸ್ಪತ್ರೆ, ಕಡತ ಎಲ್ಲವೂ ಒಂದೇ ರಸ್ತೆಯಲ್ಲಿದ್ದರೂ ಒಪ್ಪಿಗೆ ಬರಲು ಸಂಜೆಯಾಗುತ್ತದೆ.

ನಗದು ಕೊಡುವವರಿಗಿಂತ ವಿಮೆಯವರಿಗೆ ಹೆಚ್ಚು ಬಿಲ್ಲು ಹಾಕುತ್ತಾರೆಂಬ ಸಂಶಯದಿಂದ ಸಾರ್ವಜನಿಕ ವಲಯದ ನಾಲ್ಕು ಕಂಪನಿಗಳು 2010ರ ಜುಲೈಯಲ್ಲಿ ಹಲವು ದೊಡ್ಡ ಆಸ್ಪತ್ರೆಗಳಿಗೆ ಕ್ಯಾಶ್‌ಲೆಸ್ ನಿಲ್ಲಿಸಿ, ಒಪ್ಪಿತ ದರದ ಆಸ್ಪತ್ರೆಗಳ ಪಟ್ಟಿಯನ್ನು ಮೊದಲು ಜಾರಿಗೆ ತಂದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅಂದಿನಿಂದ ಒಂದೇ ಚಿಕಿತ್ಸೆಗೆ ಸರ್ಕಾರಿ ಯೋಜನೆಯ ದರ, ಸಾರ್ವಜನಿಕ ವಿಮೆಯ ದರ, ಖಾಸಗಿ ವಿಮೆಯ ದರ, ನಗದು ದರ ಎಂದು ನಾಲ್ಕು ಬೆಲೆಗಳು ಒಂದೇ ಕಂಪ್ಯೂಟರಿನಲ್ಲಿ ಕೂತಿವೆ. ವಿಮೆಯಿಲ್ಲದ ನಗದು ಗಿರಾಕಿಯ ಪರವಾಗಿ ಚೌಕಾಸಿ ಮಾಡುವವರು ಯಾರೂ ಇಲ್ಲ.

ದರಕ್ಕೆ ಕಡಿವಾಣ

ಬೆಲೆಗೆ ಮಿತಿ ಹಾಕುವ ದೊಡ್ಡ ಪ್ರಯತ್ನ 2017ರದು. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ಬೆನ್ನಿಗೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದಾಗ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಕೊನೆಗೆ ಅಂಗೀಕಾರವಾದ ರೂಪದಲ್ಲಿ ಸರ್ಕಾರದ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಉಳಿದವರಿಗೆ ಆಸ್ಪತ್ರೆ ತನ್ನ ದರವನ್ನು ಪ್ರದರ್ಶಿಸಿದರೆ ಸಾಕು. ಬೋರ್ಡುಗಳು ಬಂದವು, ಅವುಗಳನ್ನು ಓದಿ ಎರಡು ಆಸ್ಪತ್ರೆಗಳನ್ನು ಹೋಲಿಸುವುದು ಸಾಧ್ಯವಾಗಲಿಲ್ಲ, ಏಕೆಂದರೆ ಪ್ಯಾಕೇಜಿನೊಳಗೆ ಏನಿದೆ ಏನಿಲ್ಲ ಎಂಬುದು ಒಂದೊಂದು ಕಡೆ ಒಂದೊಂದು.

ಅದೇ ವರ್ಷ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ ಔಷಧಲೇಪಿತ ಸ್ಟೆಂಟಿಗೆ 29,600, ಸಾದಾ ಸ್ಟೆಂಟಿಗೆ 7,260 ರೂಪಾಯಿ ಮಿತಿ ಹಾಕಿತ್ತು. ಹಿಂದಿನ ಸರಾಸರಿ ಮುದ್ರಿತ ಬೆಲೆ ಔಷಧಲೇಪಿತಕ್ಕೆ 1.2 ಲಕ್ಷ ದಾಟಿತ್ತು. ಸ್ಟೆಂಟಿನ ಬೆಲೆ ಇಳಿದಷ್ಟು ಆಂಜಿಯೋಪ್ಲಾಸ್ಟಿಯ ಬಿಲ್ಲು ಇಳಿಯಲಿಲ್ಲ. ಒಂದು ಬಾಬ್ತನ್ನು ಅದುಮಿದರೆ ಹಣ ಬೇರೆ ಬಾಬ್ತಿಗೆ ಸರಿಯುತ್ತದೆ. ಇಡೀ ಬಿಲ್ಲಿಗೇ ದಿನವಾರು ಮಿತಿ ಬಂದದ್ದು ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ: ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ 5,200 ರೂಪಾಯಿ, ನೇರವಾಗಿ ಬಂದವರಿಗೆ 10,000; ವೆಂಟಿಲೇಟರ್ ಸಹಿತ ಐಸಿಯುಗೆ ಕ್ರಮವಾಗಿ 10,000 ಮತ್ತು 25,000. ಒಂದೇ ಹಾಸಿಗೆಗೆ ಎರಡು ಬೆಲೆ ಎಂಬುದನ್ನು ಸರ್ಕಾರವೇ ಗೆಜೆಟ್ಟಿನ ಭಾಷೆಯಲ್ಲಿ ಒಪ್ಪಿಕೊಂಡ ಅಪರೂಪದ ಆದೇಶ ಅದು.

ಸಾಧನೆಯ ಅಳತೆ

ಯಾವ ಆಸ್ಪತ್ರೆ ಚೆನ್ನಾಗಿದೆ ಎಂಬುದಕ್ಕೆ ಜಯನಗರದಲ್ಲಿ ಉತ್ತರ ಸಿಗುವುದು ವಾಕಿಂಗ್ ಗೆಳೆಯರ ಬಾಯಲ್ಲಿ. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಮುಖ್ಯವಾಗಿ ಪದ್ಧತಿಗಳನ್ನು ಪರೀಕ್ಷಿಸುತ್ತದೆ: ಕೈತೊಳೆಯುವ ಕ್ರಮ, ಔಷಧಿ ದಾಖಲೆ, ಬೆಂಕಿಯ ಎಚ್ಚರ. ಶಸ್ತ್ರಚಿಕಿತ್ಸೆಯ ನಂತರ ಸೋಂಕು ಎಷ್ಟು ಜನರಿಗೆ ತಗಲಿತು, ಎಷ್ಟು ಜನ ಒಂದು ತಿಂಗಳಲ್ಲಿ ಮರಳಿ ದಾಖಲಾದರು ಎಂಬ ಅಂಕಿ ರೋಗಿಗೆ ಸಿಗದು. ಇತ್ತ ಅಪೋಲೊ, ಫೋರ್ಟಿಸ್, ಆಸ್ಟರ್, ನಾರಾಯಣ ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಹಾಸಿಗೆಯೊಂದರ ಸರಾಸರಿ ಆದಾಯ, ಹಾಸಿಗೆ ತುಂಬಿದ ಪ್ರಮಾಣ ಮುಂತಾದ ಅಂಕಿಗಳನ್ನು ಒಪ್ಪಿಸುತ್ತವೆ. ಹೂಡಿಕೆದಾರನಿಗೆ ಗೊತ್ತಿರುವಷ್ಟು ಹಾಸಿಗೆಯ ಮೇಲೆ ಮಲಗುವವನಿಗೆ ಗೊತ್ತಿಲ್ಲ. ಅಂಕಿ ಇಲ್ಲದ ಕಡೆ ಬೆಲೆಯೇ ಗುಣಮಟ್ಟದ ಗುರುತಾಗುತ್ತದೆ. ದುಬಾರಿ ಆಸ್ಪತ್ರೆಗೆ ಇದರಿಂದ ನಷ್ಟವಿಲ್ಲ.

ನ್ಯೂಯಾರ್ಕ್ ರಾಜ್ಯ 1990ರ ಸುಮಾರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸತೊಡಗಿತು. ಸಾವು ಇಳಿಯಿತು. ಅಂಕಿ ಕೆಡದಿರಲೆಂದು ಕೆಲವರು ಗಂಭೀರ ರೋಗಿಗಳನ್ನು ದೂರವಿಡತೊಡಗಿದರೆಂಬ ಆಕ್ಷೇಪವೂ ಬಂತು. ಕೈಬಿಟ್ಟ ರೋಗಿಗಳನ್ನೆಲ್ಲ ಕೊನೆಯಲ್ಲಿ ಸೇರಿಸಿಕೊಳ್ಳುವ ಜಯದೇವದಂಥ ಸಂಸ್ಥೆಗೆ, ರೋಗಿಯ ಸ್ಥಿತಿಗೆ ತಕ್ಕಂತೆ ಸರಿದೂಗಿಸದ ಅಂಕಿ ಅನ್ಯಾಯವೇ ಸರಿ. ಆದರೂ ಏನೂ ಪ್ರಕಟಿಸದಿರುವುದಕ್ಕೆ ಇದು ಸಮರ್ಥನೆಯಾಗದು. ಹೆರಿಗೆಯನ್ನೇ ನೋಡಿ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸಿಸೇರಿಯನ್ ಪ್ರಮಾಣ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4, ಕರ್ನಾಟಕದ ಒಟ್ಟು ಪ್ರಮಾಣ ಶೇ 31.5. ಜಯನಗರದ ಗರ್ಭಿಣಿ ತಾನು ಹೋಗುವ ಆಸ್ಪತ್ರೆಯ ಪ್ರಮಾಣ ಎಷ್ಟೆಂದು ಕೇಳಿದರೆ ಹೇಳಲೇಬೇಕೆಂಬ ಕಡ್ಡಾಯವಿಲ್ಲ.

ಆಸ್ಪತ್ರೆಯೇ ವಿಮೆ ಮಾರಿದರೆ ಈ ಹಗ್ಗಜಗ್ಗಾಟ ತಪ್ಪೀತೇ? ಯಶಸ್ವಿನಿಯ ಎರಡು ದಶಕದ ನಂತರ ನಾರಾಯಣ ಸಮೂಹ 2024ರಲ್ಲಿ ತನ್ನದೇ ಆರೋಗ್ಯ ವಿಮಾ ಕಂಪನಿ ತೆರೆದು ‘ಅದಿತಿ’ ಎಂಬ ಪಾಲಿಸಿ ತಂದಿದೆ. ಹೆಚ್ಚು ಚಿಕಿತ್ಸೆ ಮಾಡಿದರೆ ತನ್ನ ಗಂಟೇ ಕರಗುವ ಏರ್ಪಾಡಿನಲ್ಲಿ ಅನಗತ್ಯ ಶಸ್ತ್ರಚಿಕಿತ್ಸೆಗೆ ಆಸೆಯಿರದು. ಅಗತ್ಯವಿದ್ದದ್ದನ್ನೂ ಮುಂದೂಡುವ ಆಸೆ ಹುಟ್ಟಬಹುದು, ಮತ್ತು ಅದನ್ನು ಕಂಡುಹಿಡಿಯಲು ಬೇಕಾಗುವುದೂ ಮೇಲೆ ಹೇಳಿದ ಇಲ್ಲದ ಅಂಕಿಗಳೇ.

ಹೊರರೋಗಿ ಚಿಕಿತ್ಸೆ

ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳಿಗೆ ತಿಂಗಳು ತಿಂಗಳೂ ಆಗುವ ಖರ್ಚನ್ನು ಬಹುಪಾಲು ವಿಮೆಗಳು ಮುಟ್ಟುವುದಿಲ್ಲ. ಜನೌಷಧಿ ಅಂಗಡಿಗಳು, 2022ರ ಡಿಸೆಂಬರ್‌ನಿಂದ ಶುರುವಾದ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಇಲ್ಲಿ ನೆರವಾಗುತ್ತವೆ. ಬಡಾವಣೆಯ ಹಳೆಯ ಫ್ಯಾಮಿಲಿ ಡಾಕ್ಟರು ನಿವೃತ್ತರಾದಾಗ ಆ ಕ್ಲಿನಿಕ್ಕಿನ ಜಾಗಕ್ಕೆ ಲ್ಯಾಬಿನ ಮಾದರಿ ಸಂಗ್ರಹ ಕೇಂದ್ರ ಬರುತ್ತದೆ. ಸಣ್ಣ ಜ್ವರಕ್ಕೂ ತಜ್ಞರ ಬಳಿಗೆ ಹೋಗುವ ಅಭ್ಯಾಸ ಅಲ್ಲಿಂದ ಮೊದಲಾಗುತ್ತದೆ.

ದೂರುಗಳ ವಿಲೇವಾರಿ

ಕರ್ನಾಟಕದ ವಿಮಾ ಒಂಬುಡ್ಸ್‌ಮನ್ ಕಚೇರಿ ಜೆ.ಪಿ. ನಗರ 1ನೇ ಹಂತದ 24ನೇ ಮುಖ್ಯರಸ್ತೆಯ ಜೀವನ್ ಸೌಧದಲ್ಲಿದೆ. ವಿಮಾ ಕಂಪನಿಗೆ ಬರೆದ ದೂರು ತಿರಸ್ಕೃತವಾದರೆ ಅಥವಾ ತಿಂಗಳೊಳಗೆ ಉತ್ತರ ಬರದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ಬರಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರು ಇವರ ವ್ಯಾಪ್ತಿಗೆ ಬರುತ್ತದೆ. ತೀರ್ಪನ್ನು ಕಂಪನಿ 30 ದಿನಗಳಲ್ಲಿ ಪಾಲಿಸಬೇಕು. ಒಪ್ಪದ ಪಾಲಿಸಿದಾರ ಬೇರೆ ಕಡೆ ಹೋಗಬಹುದು. ಆಸ್ಪತ್ರೆಯ ದರದ ಬಗೆಗಿನ ದೂರು ಇಲ್ಲಿ ನಡೆಯುವುದಿಲ್ಲ. ಅದಕ್ಕೆ 2017ರ ತಿದ್ದುಪಡಿಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಚಿಕಿತ್ಸೆಯ ಲೋಪಕ್ಕೆ ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ. ಹಣ ತೆತ್ತು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ವೈದ್ಯರ ನಡತೆಯ ದೂರು ಹೋಗುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಒಂದೇ ಡಿಸ್ಚಾರ್ಜ್ ಬಿಲ್ಲಿನ ಮೇಲೆ ಈ ನಾಲ್ಕೂ ಬಗೆಯ ತಕರಾರು ಇದ್ದವರು ನಾಲ್ಕು ಬೇರೆ ಅರ್ಜಿಗಳನ್ನು ಬರೆಯಬೇಕಾಗುತ್ತದೆ, ಮತ್ತು ಪ್ರತಿಯೊಂದಕ್ಕೂ ಆಸ್ಪತ್ರೆಯಿಂದ ಕೇಸ್ ಶೀಟಿನ ಪ್ರತಿಯನ್ನು ಮೊದಲು ಕೇಳಿ ಪಡೆದುಕೊಂಡಿರಬೇಕು.